ಕಷ್ಟದಲ್ಲಿ ದೇವರು ನೋಡಿಕೊಳ್ಳುತ್ತಾನಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ, ಆಸ್ಪತ್ರೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಮಣ್ಣು ಮಾಡಿ ಬಂದ ರಾತ್ರಿ ಜನ ಕೇಳುವ ಪ್ರಶ್ನೆಗಳು ಇವು. ನಾನು ಪಾದ್ರಿ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಆಗ ಈ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲನ್ನು ನಾನೇ ಕೇಳಿದ್ದೆ. ಯಾರು ಉತ್ತರ ಕೊಟ್ಟರು, ಯಾರು ಸುಮ್ನೆ ಬಾಯಿ ಮುಚ್ಚಿಸಿದರು, ಎರಡೂ ನೆನಪಿದೆ.

ದೇವರ ಪರಾಂಬರಿಕೆ ಅಂತಾರಲ್ಲ, ಹಾಗೆಂದರೆ ಏನು?

ಸರಳವಾಗಿ ಹೇಳುವುದಾದರೆ, ನೋಡಿಕೊಳ್ಳುವುದು. ಲೋಕವನ್ನು ಮಾಡಿ ಕೈತೊಳೆದುಕೊಂಡು ಹೋದ ದೇವರಲ್ಲ, ಇವತ್ತಿಗೂ ಅದನ್ನು ಸಾಕುತ್ತಿರುವ ದೇವರು ಎಂಬ ನಂಬಿಕೆ. ಹುಟ್ಟಿಸಿದ ದೇವರು ಹುಲ್ಲು ಮೇಯಿಸನು ಅಂತ ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಹೇಳುತ್ತಾರಲ್ವಾ, ಅದರ ಹತ್ತಿರದ ಮಾತು.

ನನಗೆ ‘ನೋಡಿಕೊಳ್ಳುವುದು’ ಎನ್ನುವ ನಮ್ಮ ಕನ್ನಡದ ಪದವೇ ತುಂಬಾ ಇಷ್ಟ. ಅದರೊಳಗೆ ‘ನೋಡು’ ಇದೆ. ಅಬ್ರಹಾಮನು ಬೆಟ್ಟದ ಮೇಲೆ ಆ ಸ್ಥಳಕ್ಕೆ ‘ಯೆಹೋವ ಯೀರೆ’ ಎಂದು ಹೆಸರಿಟ್ಟದ್ದನ್ನು ನಾವು ‘ಒದಗಿಸುವ ದೇವರು’ ಅಂತ ಹೇಳುತ್ತೇವೆ. ಇಬ್ರಿಯ ಭಾಷೆಯಲ್ಲಿ ಆ ಮಾತಿನ ಬೇರು ‘ನೋಡು’ ಅಂತಲೇ. ಅದಕ್ಕೂ ಮೊದಲು, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 16ನೇ ಅಧ್ಯಾಯದಲ್ಲಿ, ಹಾಗರಳ ಕಥೆ ಬರುತ್ತದೆ. ಬಸುರಿ, ದಾಸಿ, ಯಜಮಾನಿಯ ಕಾಟ ತಡೆಯಲಾರದೆ ಮರುಭೂಮಿಗೆ ಓಡಿಹೋದವಳು. ಬೈಬಲಿನಲ್ಲಿ ದೇವರಿಗೆ ಮೊಟ್ಟಮೊದಲು ಹೆಸರಿಟ್ಟವಳು ಅವಳೇ. ‘ನನ್ನನ್ನು ನೋಡುವ ದೇವರು’ ಎಂಬುದು ಅವಳಿಟ್ಟ ಹೆಸರು. ಆಗ ಅವಳ ಕಷ್ಟ ಮುಗಿದಿರಲಿಲ್ಲ. ಅದೇ ಮನೆಗೆ ವಾಪಸ್ ಹೋಗಬೇಕಿತ್ತು. ಆದರೆ ಯಾರೋ ತನ್ನನ್ನು ನೋಡಿದರು ಎಂಬುದು ಅವಳಿಗೆ ಗೊತ್ತಾಯಿತು.

ಅಂದರೆ ಹಣೆಬರಹ ಅಂದ ಹಾಗೆಯೇ ಅಲ್ವಾ?

ಅಲ್ಲ. ಹಣೆಬರಹಕ್ಕೆ ಕಿವಿ ಇಲ್ಲ. ಬರೆದದ್ದು ಬರೆದಾಯಿತು, ಅದರ ಜೊತೆ ಮಾತಾಡಲು ಆಗುವುದಿಲ್ಲ. ಕ್ರೈಸ್ತ ನಂಬಿಕೆಯಲ್ಲಿ ಆ ಕಡೆ ಒಬ್ಬ ತಂದೆ ಇದ್ದಾನೆ. ಆತನ ಹತ್ತಿರ ಬೇಡಬಹುದು, ಅಳಬಹುದು, ಹಟ ಹಿಡಿಯಬಹುದು.

ನಾನು ಯಾವ ಪಾಪ ಮಾಡಿದ್ದಕ್ಕೆ ಹೀಗಾಯಿತು?

ಅತಿ ಜಾಸ್ತಿ ಕೇಳುವ ಪ್ರಶ್ನೆ ಇದೇ. ಬೇರೆಯವರು ಕೇಳದಿದ್ದರೂ ರಾತ್ರಿ ಎರಡು ಗಂಟೆಗೆ ನಾವೇ ಕೇಳಿಕೊಳ್ಳುತ್ತೇವೆ.

ಯೇಸುವಿನ ಹತ್ತಿರವೂ ಜನ ಇದನ್ನು ಕೇಳಿದರು. ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಯಾರು ಪಾಪ ಮಾಡಿದ್ದು, ಇವನೋ ಇವನ ತಂದೆತಾಯಿಯೋ ಅಂದರು. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದು ಆತನು ಹೇಳಿದನು. ಇದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಲೂಕನ 13ನೇ ಅಧ್ಯಾಯದಲ್ಲಿ ಇನ್ನೊಂದು ಸುದ್ದಿ ಇದೆ. ಸಿಲೊವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಯೆರೂಸಲೇಮಿನಲ್ಲಿದ್ದ ಉಳಿದವರಿಗಿಂತ ಅವರು ಹೆಚ್ಚು ಪಾಪಿಗಳು ಅಂದುಕೊಂಡಿರಾ ಎಂದು ಯೇಸು ಕೇಳಿದನು. ಹಾಗಲ್ಲ ಎಂದು ತಾನೇ ಉತ್ತರ ಕೊಟ್ಟನು. ಅಷ್ಟಕ್ಕೆ ಬಿಡದೆ, ಕೇಳುತ್ತಿದ್ದವರಿಗೆ ನಿಮ್ಮ ಮನಸ್ಸನ್ನು ನೀವು ತಿರುಗಿಸಿಕೊಳ್ಳಿ ಎಂದೂ ಹೇಳಿದನು. ಅಂದರೆ ಇನ್ನೊಬ್ಬರ ಸಾವಿನ ಲೆಕ್ಕ ಹಾಕುವ ಕೆಲಸ ನಮ್ಮದಲ್ಲ.

ತಪ್ಪಿಗೆ ಫಲ ಇರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕುಡಿದು ಗಾಡಿ ಓಡಿಸಿದರೆ ಏನಾಗುತ್ತದೆ ಎಲ್ಲರಿಗೂ ಗೊತ್ತು. ಆದರೆ ಎದುರಿಗಿರುವವರ ನೋವನ್ನು ಹಿಡಿದು ಹಿಂದಕ್ಕೆ ಹೋಗಿ ಪಾಪ ಹುಡುಕುವುದನ್ನು ಯೇಸು ಒಪ್ಪಲಿಲ್ಲ.

ಹಾಗಾದರೆ ಈ ಕಷ್ಟವನ್ನು ದೇವರೇ ಕಳಿಸಿದನಾ, ಇಲ್ಲ ಬರಲು ಬಿಟ್ಟನಾ?

ಕ್ರೈಸ್ತರೆಲ್ಲ ಒಂದೇ ಉತ್ತರ ಕೊಡುವುದಿಲ್ಲ. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಊರಿನಲ್ಲಿ ಬರೆದ ಪ್ರಶ್ನೋತ್ತರ ಪಾಠವೊಂದಿದೆ. ಮಳೆಯೂ ಬರವೂ, ಆರೋಗ್ಯವೂ ಕಾಯಿಲೆಯೂ ತಂದೆಯ ಕೈಯಿಂದಲೇ ಬರುತ್ತವೆ ಎಂದು ಅದು ಕಲಿಸುತ್ತದೆ. ಬೇರೆ ಸಭೆಗಳವರು, ಅಂದರೆ ಬೇರೆ ಚರ್ಚುಗಳವರು, ಕೆಟ್ಟದ್ದನ್ನು ದೇವರು ಮಾಡುವುದಿಲ್ಲ, ಮನುಷ್ಯರಿಗೆ ಸ್ವಾತಂತ್ರ್ಯ ಕೊಟ್ಟಿದ್ದರಿಂದ ಅದನ್ನು ತಡೆಯದೆ ಬಿಡುತ್ತಾನೆ ಅನ್ನುತ್ತಾರೆ. ಎರಡೂ ಕಡೆ ಪ್ರಾಮಾಣಿಕರು ಇದ್ದಾರೆ.

ನನಗೆ ದಾರಿ ತೋರಿಸಿದ್ದು ಯೋಸೇಫನ ಕಥೆ. 17ನೇ ವಯಸ್ಸಿನಲ್ಲಿ ಅಣ್ಣಂದಿರೇ ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಸುಳ್ಳು ಆರೋಪಕ್ಕೆ ಸೆರೆಮನೆ ಸೇರಿದ. ಅಲ್ಲಿ ಯಾರ ಹತ್ತಿರ ಸಹಾಯ ಕೇಳಿಕೊಂಡನೋ ಅವನು ಎರಡು ವರ್ಷ ಮರೆತೇಬಿಟ್ಟ. ಐಗುಪ್ತದ ರಾಜ ಫರೋಹನ ಎದುರು ನಿಂತಾಗ ಯೋಸೇಫನಿಗೆ 30 ವರ್ಷ. ಹದಿಮೂರು ವರ್ಷ! ಓದುವಾಗ ನಾಲ್ಕು ಪುಟದಲ್ಲಿ ಮುಗಿದುಹೋಗುತ್ತದೆ.

ಕೊನೆಗೆ ಅಣ್ಣಂದಿರಿಗೆ ಅವನು ಹೇಳಿದ ಮಾತನ್ನು ನಿಧಾನವಾಗಿ ಓದಿ. ನೀವು ನನಗೆ ಕೇಡು ಮಾಡಬೇಕೆಂದಿದ್ದಿರಿ, ದೇವರು ಅದರಿಂದ ಒಳ್ಳೆಯದನ್ನು ಮಾಡಿದನು ಎನ್ನುತ್ತಾನೆ. ಕೇಡನ್ನು ಕೇಡು ಎಂದೇ ಕರೆದಿದ್ದಾನೆ. ನೀವು ಮಾರಿದ್ದು ಒಳ್ಳೆಯದೇ ಆಯಿತು ಬಿಡಿ ಅನ್ನಲಿಲ್ಲ. ಆ ಕೇಡಿಗಿಂತ ದೇವರ ಕೈ ದೊಡ್ಡದು ಎಂದ, ಅಷ್ಟೇ. ಮತ್ತೆ, ಈ ಮಾತು ಯೋಸೇಫನ ಬಾಯಿಂದ ಬಂದಿದ್ದು. ಅಣ್ಣಂದಿರು ಹೇಳಿದ್ದರೆ ಹೇಗಿರುತ್ತಿತ್ತು? ನೋವು ತಿಂದವರು ತಾವಾಗಿ, ತಮ್ಮ ಸಮಯಕ್ಕೆ ಹೇಳಬೇಕಾದ ಮಾತನ್ನು ನಾವು ಅವರ ಬಾಯಿಗೆ ತುರುಕಬಾರದು.

ದೇವರ ಮೇಲೆ ಸಿಟ್ಟು ಬರುತ್ತದೆ. ಇದು ಪಾಪವಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಏಕೆಂದರೆ ಈ ಒಂದು ವಿಷಯದಲ್ಲಿ ನಮ್ಮ ಸಭೆಗಳು ಜನರನ್ನು ತುಂಬಾ ನೋಯಿಸಿವೆ.

ತಮ್ಮ ಹೋದ ಮೇಲೆ ಅಮ್ಮ ಎಂಟು ತಿಂಗಳು ಬೈಬಲ್ ಮುಟ್ಟಲಿಲ್ಲ. ಗುಡಿಗೆ ಬರುತ್ತಿದ್ದಳು, ಕೊನೆಯ ಸಾಲಿನಲ್ಲಿ ಕೂತು ಹೋಗುತ್ತಿದ್ದಳು, ಹಾಡುತ್ತಿರಲಿಲ್ಲ. ಯಾರೋ ಬಂದು, ಹೀಗೆಲ್ಲ ಮಾಡಿದರೆ ಜನರ ಮುಂದೆ ನಿಮ್ಮ ನಂಬಿಕೆಯ ಸಾಕ್ಷಿ ಏನಾಗುತ್ತೆ ಅಮ್ಮಾ ಅಂದರು. ಅಮ್ಮ ಏನೂ ಹೇಳಲಿಲ್ಲ. ಮನೆಗೆ ಬಂದು, “ನಾನು ಆತನ ಹತ್ತಿರ ಜಗಳ ಆಡ್ತಾ ಇದ್ದೀನಿ, ಇವರಿಗೇನು ಕಷ್ಟ” ಅಂದಳು.

ಆ ಮಾತು ನನ್ನನ್ನು ಬೈಬಲಿನ ಹಾಡುಪುಸ್ತಕವಾದ ಕೀರ್ತನೆಗಳ ಕಡೆಗೆ ತಿರುಗಿಸಿತು. 150 ಕೀರ್ತನೆಗಳಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಗೋಳಾಟ, ದೂರು, ಮೊರೆ. ಆರು ವಚನದ 13ನೇ ಕೀರ್ತನೆ ತೆಗೆದುನೋಡಿ. ಮೊದಲ ಎರಡು ವಚನಗಳಲ್ಲೇ ‘ಇನ್ನೂ ಎಷ್ಟು ಕಾಲ’ ಎಂಬ ಕೇಳಿಕೆ ನಾಲ್ಕು ಸಲ ಬರುತ್ತದೆ. ಅದಾದರೂ ಕೊನೆಗೆ ಹಾಡಿಗೆ ತಿರುಗುತ್ತದೆ. 88ನೇ ಕೀರ್ತನೆ ತಿರುಗುವುದೇ ಇಲ್ಲ. ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಆ ಹಾಡನ್ನು ಬರೆದವನ ನಂಬಿಕೆ ಎಲ್ಲಿದೆ? ಮೊದಲ ಸಾಲಿನಲ್ಲಿದೆ. ‘ನನ್ನನ್ನು ರಕ್ಷಿಸುವ ದೇವರೇ’ ಎಂದು ಕೂಗಿ ಆಮೇಲೆ ಎಲ್ಲ ದೂರನ್ನೂ ಹೇಳುತ್ತಾನೆ. ಯಾರ ಮೇಲೆ ದೂರೋ ಅವರ ಹತ್ತಿರವೇ ಹೇಳುತ್ತಾನೆ. ಈ ಹಾಡನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ. ಹೀಗೂ ಪ್ರಾರ್ಥನೆ ಮಾಡಬಹುದು ಅಂತ ನಮಗಾಗಿ ಉಳಿಸಿದ್ದಾರೆ.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನೂ ಅಷ್ಟೇ. ಹುಟ್ಟಿದ ದಿನವನ್ನೇ ಶಪಿಸಿದ. ದೇವರನ್ನು ವ್ಯಾಜ್ಯಕ್ಕೆ ಕರೆದ. ಅವನ ಸ್ನೇಹಿತರು ಮಾತ್ರ ಪುಟಗಟ್ಟಲೆ ದೇವರ ಪರವಾಗಿ ವಾದ ಮಾಡಿದರು. ಕೊನೆಯ ಅಧ್ಯಾಯದಲ್ಲಿ, 42ರಲ್ಲಿ, ದೇವರು ಯಾರ ಮೇಲೆ ಕೋಪಗೊಂಡನು ಗೊತ್ತಾ? ಸ್ನೇಹಿತರ ಮೇಲೆ. ನನ್ನ ದಾಸ ಯೋಬನಂತೆ ನೀವು ಸರಿಯಾಗಿ ಮಾತಾಡಲಿಲ್ಲ ಎಂದನು.

ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಒಂದು ದೂರಿನ ಕೀರ್ತನೆಯನ್ನೇ, 22ನೆಯದು. ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿ? ಆತನ ಬಾಯಲ್ಲಿ ಬಂದ ಮಾತು ನಿಮ್ಮ ಬಾಯಲ್ಲಿ ಬಂದರೆ ಪಾಪ ಹೇಗಾಗುತ್ತದೆ? ಸಿಟ್ಟು ಬಂದರೆ ಆತನ ಎದುರಿಗೇ ಸಿಟ್ಟು ಮಾಡಿ. ಮಾತು ಬಿಟ್ಟು ದೂರ ಹೋಗುವುದಕ್ಕಿಂತ ಕೈ ಹಿಡಿದುಕೊಂಡೇ ಜಗಳ ಆಡುವುದು ಎಷ್ಟೋ ಮೇಲು.

ನಂಬಿಕೆ ಸಾಲದ್ದಕ್ಕೆ ವಾಸಿಯಾಗಲಿಲ್ಲ ಅಂತ ಹೇಳಿದರು. ನಿಜವಾ?

ಹೀಗೆ ಹೇಳುವುದು ಗಾಯದ ಮೇಲೆ ಬರೆ ಎಳೆದ ಹಾಗೆ. ದಯವಿಟ್ಟು ಆ ಮಾತನ್ನು ಮನಸ್ಸಿನಿಂದ ಕಿತ್ತುಹಾಕಿ.

ಮೊದಲ ಕಾಲದ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನಿಗೆ ಶರೀರದಲ್ಲಿ ಮುಳ್ಳಿನಂತೆ ಚುಚ್ಚುವ ಬಾಧೆ ಒಂದಿತ್ತು. ಮೂರು ಸಲ ಬೇಡಿಕೊಂಡ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು, ಬಾಧೆ ಹೋಗಲಿಲ್ಲ. ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲಿಯೇ ಮಿಲೇತದಲ್ಲಿ ಬಿಟ್ಟುಬಂದೆ ಎಂದು ಬರೆಯುತ್ತಾನೆ. ತಿಮೊಥೆಗೆ ಪದೇ ಪದೇ ಹೊಟ್ಟೆ ಕೆಡುತ್ತಿತ್ತು. ಅದಕ್ಕೆ ಪೌಲ ಹೇಳಿದ್ದು ಮನೆಮದ್ದು. ಸ್ವಲ್ಪ ದ್ರಾಕ್ಷಾರಸ ತಗೋ ಎಂದ. ಇವರಿಗೆಲ್ಲ ನಂಬಿಕೆ ಕಡಿಮೆ ಇತ್ತಾ? ಗೆತ್ಸೇಮನೆ ತೋಟದಲ್ಲಿ ಯೇಸು ಸ್ವತಃ ಈ ಸಂಕಟದ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದು ಬೇಡಿದನು. ಪಾತ್ರೆ ತೊಲಗಲಿಲ್ಲ.

ದೇವರು ವಾಸಿಮಾಡುತ್ತಾನೆ ಎಂದು ನಾನು ನಂಬುತ್ತೇನೆ. ಅದಕ್ಕಾಗಿ ಬೇಡುತ್ತೇನೆ, ಇನ್ನೂ ಬೇಡುತ್ತೇನೆ. ಆದರೆ ಗುಣವಾಗದವರ ತಲೆಯ ಮೇಲೆ ತಪ್ಪು ಹೊರಿಸುವುದಿಲ್ಲ.

ದೇವರನ್ನು ನಂಬಿದ ಮೇಲೆ ಮಾತ್ರೆ, ಆಸ್ಪತ್ರೆ ಯಾಕೆ?

ಆಸ್ಪತ್ರೆಯೂ ದೇವರು ನೋಡಿಕೊಳ್ಳುವ ಒಂದು ದಾರಿ. ಸುವಾರ್ತೆ ಬರೆದ ಲೂಕನನ್ನು ಪೌಲ ‘ಪ್ರಿಯ ವೈದ್ಯ’ ಅನ್ನುತ್ತಾನೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಔಷಧಿ ಕೊಡಲು ಶುರುಮಾಡಿದರು, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಮೈಸೂರಿನ ಮಿಷನ್ ಆಸ್ಪತ್ರೆ 1906ರದ್ದು. ಪ್ರಾರ್ಥನೆ ಮಾಡುವವರೇ ಇವನ್ನು ಕಟ್ಟಿದ್ದು. ಪ್ರಾರ್ಥನೆ ಮಾಡಿಸಿಕೊಂಡು ಬಂದು ಇನ್ಸುಲಿನ್ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳದೆ ಯಾವ ಔಷಧಿಯನ್ನೂ ಬಿಡಬೇಡಿ.

ಮನಸ್ಸಿನ ಕಾಯಿಲೆಗೂ ಇದೇ ಮಾತು. ನಿದ್ದೆ ಹೋಗಿ, ಊಟ ಸೇರದೆ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ಅದನ್ನು ಅಪನಂಬಿಕೆ ಎಂದುಕೊಂಡು ಮುಚ್ಚಿಡಬೇಡಿ. ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಪ್ರವಾದಿ ಎಲೀಯನು ಗಿಡದ ಕೆಳಗೆ ಕೂತು ಸಾಯಬೇಕು ಅಂದಾಗ ದೇವದೂತನು ಬೈಯಲಿಲ್ಲ. ಮಲಗಲು ಬಿಟ್ಟ, ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ.

ಸುನಾಮಿ, ಭೂಕಂಪದಂಥದ್ದಕ್ಕೆ ಏನು ಹೇಳುತ್ತೀರಿ? ಅಲ್ಲಿ ಯಾವ ಮನುಷ್ಯನ ತಪ್ಪೂ ಇಲ್ಲವಲ್ಲ.

2004ರ ಡಿಸೆಂಬರ್ 26. ಕ್ರಿಸ್‌ಮಸ್ ಮರುದಿನ, ಭಾನುವಾರ ಬೆಳಗ್ಗೆ. ತಮಿಳುನಾಡಿನ ಕಡಲ ದಡದ ವೇಳಾಂಕಣಿಯಲ್ಲಿ, ಮಾತೆ ಮರಿಯಳ ಗುಡಿಗೆ, ಯಾತ್ರೆಗೆ ಬಂದವರು ತುಂಬಿದ್ದರು. ನಮ್ಮ ಕರ್ನಾಟಕದಿಂದಲೂ ಪ್ರತಿ ವರ್ಷ ಬಸ್ಸು, ರೈಲು ಹತ್ತಿ ಜನ ಹೋಗುವ ಜಾಗ ಅದು. ಸುಮಾತ್ರದ ಹತ್ತಿರ ಸಮುದ್ರದ ತಳ ಅಲುಗಿ ಎದ್ದ ಅಲೆ ದಡಕ್ಕೆ ಬಂತು. ದಡದಲ್ಲಿದ್ದ ನೂರಾರು ಯಾತ್ರಿಕರು ಸತ್ತರು. ಗುಡಿಯೊಳಗೆ ನೀರು ನುಗ್ಗಲಿಲ್ಲ.

ಗುಡಿ ಉಳಿದದ್ದನ್ನು ಪವಾಡ ಅಂತ ತುಂಬಾ ಜನ ಹೇಳಿದರು. ಒಳಗಿದ್ದು ಬದುಕಿದವರು ದೇವರಿಗೆ ಸ್ತೋತ್ರ ಹೇಳಿದ್ದು ಸಹಜ, ನಾನೂ ಹೇಳುತ್ತಿದ್ದೆ. ಆದರೆ ದಡದಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಕಿವಿಗೆ ಆ ಮಾತು ಹೇಗೆ ಕೇಳಿಸಿರಬೇಕು? ಅವಳೂ ಹರಕೆ ಹೊತ್ತು ಬಂದವಳೇ. ಒಳಗಿದ್ದವರನ್ನು ಕಾಯ್ದ ದೇವರು ಹೊರಗಿದ್ದವರನ್ನು ಮರೆತನು ಎನ್ನುವ ಅರ್ಥ ಬರುವ ಯಾವ ವಿವರಣೆಯನ್ನೂ ನಾನು ಒಪ್ಪುವುದಿಲ್ಲ.

ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಪೌಲನ ಒಂದು ಮಾತು ಇದೆ. ಸೃಷ್ಟಿಯೆಲ್ಲಾ ಹೆರಿಗೆ ನೋವಿನಲ್ಲಿರುವ ಹಾಗೆ ನರಳುತ್ತಿದೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಲೋಕ ಇನ್ನೂ ಆಗಬೇಕಾದ ಹಾಗೆ ಆಗಿಲ್ಲ. ಮತ್ತೆ ಯೇಸು ಹೇಳಿದ ಗುಬ್ಬಿಯ ಮಾತು. ಕಾಸಿಗೆ ಎರಡು ಮಾರುವ ಗುಬ್ಬಿಗಳಲ್ಲಿ ಒಂದಾದರೂ ತಂದೆಯನ್ನು ಬಿಟ್ಟು ನೆಲಕ್ಕೆ ಬೀಳುವುದಿಲ್ಲ. ಗುಬ್ಬಿ ಬೀಳುವುದೇ ಇಲ್ಲ ಎಂದು ಆತನು ಹೇಳಲಿಲ್ಲ. ಬೀಳುವಾಗ ಒಂಟಿಯಾಗಿ ಬೀಳುವುದಿಲ್ಲ ಎಂದನು. ತಮ್ಮನ ವಿಷಯದಲ್ಲಿ ನಾನು ಹಿಡಿದುಕೊಂಡಿರುವುದು ಇದೊಂದನ್ನೇ. ಆ ರಸ್ತೆಯಲ್ಲಿ, ನಾವು ಯಾರೂ ಹತ್ತಿರ ಇಲ್ಲದ ಆ ಹೊತ್ತಿನಲ್ಲಿ, ಅವನು ಒಬ್ಬನೇ ಇರಲಿಲ್ಲ.

‘ಎಲ್ಲವೂ ಒಳ್ಳೆಯದಕ್ಕೇ’ ಅಂತ ಬೈಬಲಿನಲ್ಲೇ ಇದೆಯಲ್ಲ?

ಆ ವಚನ ರೋಮಾಪುರ 8:28. ಆಗಿದ್ದೆಲ್ಲ ಒಳ್ಳೆಯದು ಎಂದು ಅದು ಹೇಳುವುದಿಲ್ಲ. ತನ್ನನ್ನು ಪ್ರೀತಿಸುವವರಿಗೆ ದೇವರು ಎಲ್ಲದರಲ್ಲೂ ಒಳ್ಳೆಯದನ್ನು ಮಾಡುತ್ತಾನೆ ಎನ್ನುತ್ತದೆ. ಮುಂದಿನ ವಚನದಲ್ಲೇ ಆ ಒಳ್ಳೆಯದು ಏನೆಂದು ಇದೆ. ನಾವು ಆತನ ಮಗನ ಹಾಗೆ ಆಗುವುದು. ಕೆಲಸ ಸಿಗುವುದು, ಸೈಟು ಸಿಗುವುದು ಅಲ್ಲಿಲ್ಲ. ಕಳೆದುಕೊಂಡದ್ದಕ್ಕಿಂತ ದೊಡ್ಡದು ಇಲ್ಲೇ ಸಿಗುತ್ತದೆ ಎಂಬ ಭರವಸೆಯೂ ಇಲ್ಲ.

ಸಾವಾದ ಮನೆಗೆ ಹೋದರೆ ಏನು ಹೇಳಬೇಕು?

ಕಡಿಮೆ ಹೇಳಿ. ಯೋಬನ ಸ್ನೇಹಿತರು ಮೊದಲ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆಗೆದ ಮೇಲೆ ಕೆಟ್ಟಿತು.

‘ದೇವರ ಚಿತ್ತ’ ಎನ್ನಬೇಡಿ. ಅದು ಸುಳ್ಳು ಅಂತಲ್ಲ, ಆ ದಿನ ನೀವು ಹೇಳುವ ಮಾತಲ್ಲ. ‘ಇನ್ನೊಂದು ಮಗು ಆಗುತ್ತೆ’, ‘ನೋವು ತಿನ್ನದೆ ಹೋದರಲ್ಲ’ ಇವೂ ಬೇಡ. ಸತ್ತಿದ್ದ ಸ್ನೇಹಿತ ಲಾಜರನನ್ನು ಎಬ್ಬಿಸುವೆ ಎಂದು ಗೊತ್ತಿದ್ದೂ ಯೇಸು ಅವನ ಸಮಾಧಿಗೆ ಹೋಗುವಾಗ ಕಣ್ಣೀರು ಬಿಟ್ಟನು. ಮುಂದೆ ಒಳ್ಳೆಯದಾಗುತ್ತದೆ ಎಂಬುದು ಈಗಿನ ಅಳುವನ್ನು ಸುಳ್ಳು ಮಾಡುವುದಿಲ್ಲ.

ನಮ್ಮ ಮನೆಗೆ ಸಭೆಯ ಒಬ್ಬ ಅಜ್ಜಿ ಒಂಬತ್ತು ದಿನ ಬಂದರು. ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು, ಬಂದವರಿಗೆ ಚಹಾ ಮಾಡುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು. ಹೋಗುವಾಗ ಅಮ್ಮನ ಕೈ ಹಿಡಿದು, “ಬರ್ತೀನಿ ಕಣಮ್ಮ, ನಾಳೆ ಬರ್ತೀನಿ” ಅನ್ನುತ್ತಿದ್ದರು. ಮರುದಿನ ಬರುತ್ತಿದ್ದರು. ಆ ದಿನಗಳಲ್ಲಿ ದೇವರು ನಮ್ಮನ್ನು ಹೇಗೆ ನೋಡಿಕೊಂಡ ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಬೆಳ್ಳುಳ್ಳಿ ವಾಸನೆಯ ಕೈ.

ಮೂರು ತಿಂಗಳಾದ ಮೇಲೂ ಒಮ್ಮೆ ಹೋಗಿ. ಆಗ ಯಾರೂ ಬರುವುದಿಲ್ಲ.

ಗಂಡ ಹೊಡೆಯುತ್ತಾನೆ. ‘ಇದು ನಿನ್ನ ಶಿಲುಬೆ, ಹೊತ್ತುಕೋ’ ಅನ್ನುತ್ತಾರೆ. ದೇವರಲ್ಲಿ ಭರವಸೆ ಇಡುವುದೆಂದರೆ ಹೀಗಾ?

ಅಲ್ಲ. ಖಂಡಿತ ಅಲ್ಲ. ಯೇಸು ತಾನಾಗಿ ಎತ್ತಿಕೊಂಡ ಶಿಲುಬೆಗೂ ಇನ್ನೊಬ್ಬ ನಿಮ್ಮ ಮೈಮೇಲೆ ಹೇರುವ ಪೆಟ್ಟಿಗೂ ಹೋಲಿಕೆ ಮಾಡಬಾರದು. ವಿಚಾರಣೆಯಲ್ಲಿ ಓಲೇಕಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸು, ನನ್ನನ್ನು ಯಾಕೆ ಹೊಡೆಯುತ್ತೀ ಎಂದು ಕೇಳಿದನು. ಕೊರಡೆಯಿಂದ ಹೊಡೆಯಲು ಕಟ್ಟಿದಾಗ ಪೌಲ ತಾನು ರೋಮನ್ ನಾಗರಿಕ ಎಂದು ಕಾನೂನು ತೋರಿಸಿದ. ಯೋಸೇಫನೂ ಸೆರೆಮನೆಯಲ್ಲಿ ಸುಮ್ಮನೆ ಕೂರಲಿಲ್ಲ, ನನ್ನ ವಿಷಯ ಫರೋಹನಿಗೆ ತಿಳಿಸು ಎಂದು ಕೇಳಿಕೊಂಡ. ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181. ಸಭಾಪಾಲಕರು ಹೊಂದಾಣಿಕೆ ಮಾಡಿಕೋ ಅಂತ ಮಾತ್ರ ಹೇಳಿದರೆ ಬೇರೆಯವರ ಹತ್ತಿರ ಹೋಗಿ.

ಪ್ರಾರ್ಥನೆ ಮಾಡಲು ಮಾತೇ ಬರುವುದಿಲ್ಲ. ಏನು ಮಾಡಲಿ?

ಬೇರೆಯವರ ಮಾತನ್ನು ಸಾಲ ತಗೊಳ್ಳಿ. ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆ ಸಾಕು. ಕಥೋಲಿಕ ಅಕ್ಕತಂಗಿಯರು ಜಪಸರ ಹಿಡಿದು ಕೂರುತ್ತಾರೆ. ಮನಸ್ಸು ಓಡದಿದ್ದರೂ ಬೆರಳು ಪ್ರಾರ್ಥಿಸುತ್ತದೆ. ಅದೂ ಆಗದಿದ್ದರೆ ನರಳಿ. ಮಾತಿಲ್ಲದ ನರಳಾಟದಲ್ಲಿ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಎಂದು ಪೌಲ ಬರೆದಿದ್ದಾನೆ.

23ನೇ ಕೀರ್ತನೆ ಬಾಯಿಪಾಠ ಇದ್ದರೆ ಅದನ್ನು ಹೇಳಿ. ಅದರಲ್ಲಿ ಒಂದು ವಿಷಯ ಗಮನಿಸಿ. ‘ಯೆಹೋವನು ನನಗೆ ಕುರುಬನು’ ಎಂದು ಶುರುವಾಗಿ, ಹಸುರುಗಾವಲಿನಲ್ಲಿ ಇರುವವರೆಗೂ ದೇವರು ‘ಆತನು’. ಕಾರ್ಗತ್ತಲಿನ ಕಣಿವೆಗೆ ಇಳಿದ ತಕ್ಷಣ ಮಾತು ‘ನೀನು’ ಎಂದು ಬದಲಾಗುತ್ತದೆ. ಕತ್ತಲಲ್ಲಿ ದೇವರ ಬಗ್ಗೆ ಮಾತಾಡುವುದು ನಿಂತು ದೇವರ ಜೊತೆ ಮಾತಾಡುವುದು ಶುರುವಾಗುತ್ತದೆ.

ಯಾಕೆ ಹೀಗಾಯಿತು ಅಂತ ಮುಂದೆ ಯಾವತ್ತಾದರೂ ತಿಳಿಯುತ್ತದಾ?

ಯೋಸೇಫನಿಗೆ ತಿಳಿಯಿತು. ಯೋಬನಿಗೆ ಕೊನೆಯವರೆಗೂ ಯಾರೂ ಕಾರಣ ಹೇಳಲಿಲ್ಲ. ದೇವರು ಬಂದು ಮಾತಾಡಿದನು, ಅಷ್ಟೇ. ನಾವು ಯಾವ ಸಾಲಿನವರೋ ಗೊತ್ತಿಲ್ಲ.

ಮಕ್ಕಳಿಗೆ ಏನು ಹೇಳಬೇಕು?

‘ದೇವರಿಗೆ ಒಳ್ಳೆಯವರು ಬೇಕಂತೆ, ಅದಕ್ಕೆ ಅಪ್ಪನ್ನ ಕರ್ಕೊಂಡ’ ಅಂತ ಹೇಳಬೇಡಿ. ನಮ್ಮ ಮನೆಯಲ್ಲಿ ಯಾರೋ ತಮ್ಮನ ಮಗಳಿಗೆ ಹಾಗೆ ಹೇಳಿದರು. ಅವಳಿಗೆ ಆಗ ಆರು ವರ್ಷ. ಅವತ್ತಿನಿಂದ ಬೇಕಂತಲೇ ತುಂಟತನ ಮಾಡತೊಡಗಿದಳು. ಕಾರಣ ಗೊತ್ತಾಗಲು ನಮಗೆ ತಿಂಗಳು ಬೇಕಾಯಿತು. ಒಳ್ಳೆಯವಳಾದರೆ ತನ್ನನ್ನೂ ಕರೆದುಕೊಂಡು ಹೋಗುತ್ತಾನೆ, ಅಮ್ಮ ಒಬ್ಬಳೇ ಆಗುತ್ತಾಳೆ ಎಂಬ ಹೆದರಿಕೆ ಆ ಮಗುವಿಗೆ.

ನಿಜವನ್ನೇ ಹೇಳಿ. ಅಪ್ಪ ಸತ್ತುಹೋದರು, ಅದು ನಿನ್ನ ತಪ್ಪಲ್ಲ, ನಮಗೂ ಅಳು ಬರುತ್ತೆ, ದೇವರಿಗೂ ಬೇಜಾರಾಗಿದೆ, ಒಂದು ದಿನ ಯೇಸು ಅಪ್ಪನನ್ನು ಎಬ್ಬಿಸುತ್ತಾನೆ. ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.

ಈಸ್ಟರ್ ಬೆಳಗಿನ ಜಾವ ನಮ್ಮ ಸಭೆಯವರು ಸಮಾಧಿ ತೋಟಕ್ಕೆ ಹೋಗಿ ಹಾಡುತ್ತೇವೆ. ಈ ವರ್ಷ ಅವಳು ಅಪ್ಪನ ಸಮಾಧಿಯ ಮೇಲೆ ಸೇವಂತಿಗೆ ಇಟ್ಟು, “ಎದ್ದ ಮೇಲೂ ಯೇಸು ಸ್ವಾಮಿ ಕೈಯಲ್ಲಿ ಗಾಯ ಇತ್ತಲ್ವಾ ಅತ್ತೆ?” ಅಂತ ಕೇಳಿದಳು. ಹೌದು, ಶಿಷ್ಯ ತೋಮನಿಗೆ ತೋರಿಸಿದನಲ್ಲ ಅಂದೆ. “ಹಾಗಾದ್ರೆ ಅಪ್ಪನ ಗುರುತು ಸಿಗುತ್ತೆ” ಅಂದಳು. ಪಕ್ಕದಲ್ಲಿ ಅಮ್ಮ ಹಾಡುತ್ತಿದ್ದಳು, ಮೆಲ್ಲಗೆ.